ಅಂಜಿಕೆಗೆ ಅಳತೆಗೋಲು ಇದೆಯೇ?

ಹುಟ್ಟಿನಿಂದಲೇ ಹೃದಯದೋಷವಿದ್ದು, ಶಸ್ತ್ರಚಿಕಿತ್ಸೆಯಾಗಿರುವ ಹದಿನಾಲ್ಕರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಆಟದ ಪೀರಿಯಡ್‌ನಲ್ಲಿ ಅವನು ಮರದ ಕೆಳಗೆ ಕುಳಿತಿರುತ್ತಾನೆ. ಅವನಿಗೆ ಓಡಲು ಆಗದೋ, ವೈದ್ಯರು ಬೇಡವೆಂದಿದ್ದಾರೋ ಅಥವಾ ಬರೀ ಅಂಜಿಕೆಯೋ? ಈ ಮೂರನೆಯದಕ್ಕೆ ವೈದ್ಯಕೀಯದಲ್ಲಿ 'ಕೈನೀಸಿಯೋಫೋಬಿಯಾ', ಅಂದರೆ ಚಲನಭೀತಿ, ಎಂಬ ಹೆಸರಿದೆ. ಅದನ್ನು ಅಳೆಯಲು 'ಟ್ಯಾಂಪಾ ಮಾಪಕ' ಎಂಬ ಪ್ರಶ್ನಾವಳಿ ಇದೆ. ಭೌತವಿಜ್ಞಾನದ ಅಧ್ಯಾಪಕನಾದ ನನಗೆ 'ಮಾಪಕ' ಎಂಬ ಪದ ಕಂಡೊಡನೆ ಅದರ ಗೀಟುಗಳನ್ನು ಪರೀಕ್ಷಿಸುವ ಚಾಳಿ. ಈ ಮಾಪಕವನ್ನೂ ಹಾಗೆಯೇ ಪರೀಕ್ಷಿಸೋಣ.

ಇದರಲ್ಲಿ 17 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ. ಧೈರ್ಯ ಸೂಚಿಸುವ ನಾಲ್ಕು ಹೇಳಿಕೆಗಳ ಅಂಕಗಳನ್ನು ತಿರುಗಿಸಿ, ಎಲ್ಲವನ್ನೂ ಕೂಡುತ್ತಾರೆ. ಮೊತ್ತ 17ರಿಂದ 68ರೊಳಗೆ ಬರುತ್ತದೆ. 37ನ್ನು ಮೀರಿದರೆ ಅಂಜಿಕೆ ಹೆಚ್ಚು ಎಂಬುದು ರೂಢಿ. ಆದರೆ ಈ ಗೆರೆ ಬಂದದ್ದು ಬೆನ್ನುನೋವಿನ ರೋಗಿಗಳ ಅಧ್ಯಯನದಿಂದ. 2012ರಲ್ಲಿ ಸ್ವೀಡನ್ನಿನ ಸಂಶೋಧಕರು ಹೃದ್ರೋಗಿಗಳಿಗೆ ಹೊಂದುವ ರೂಪವನ್ನು ಪರೀಕ್ಷಿಸಿದರು. ಅದು ಕರೋನರಿ ಧಮನಿಯ ರೋಗವಿದ್ದ ವಯಸ್ಕರ ಮೇಲೆ. ಅದನ್ನೇ ನಮ್ಮ ಹುಡುಗನ ಕೈಗೆ ಕೊಡುವುದು, ಜ್ವರ ನೋಡುವ ಥರ್ಮಾಮೀಟರನ್ನು ಕುಲುಮೆಗೆ ಹಿಡಿದಂತಾಗದೇ?

ಎರಡನೆಯ ತೊಡಕು ಕೂಡುವುದರಲ್ಲಿದೆ. ಖನಿಜಗಳ ಗಡಸುತನ ಸೂಚಿಸುವ ಮೋಸ್ ಮಾಪಕ ನಿಮಗೆ ಗೊತ್ತಿದೆ. ಅದರಲ್ಲಿ ಕುರಂದಕ್ಕೆ 9, ವಜ್ರಕ್ಕೆ 10. ಹಾಗೆಂದು 9-10ರ ಅಂತರ 8-9ರ ಅಂತರಕ್ಕೆ ಸಮವಲ್ಲ. ಅದು ಬಹಳ ದೊಡ್ಡದು. ಆ ಅಂಕಗಳು ಕ್ರಮವನ್ನು ಹೇಳುತ್ತವೆ, ಪ್ರಮಾಣವನ್ನಲ್ಲ. ಟ್ಯಾಂಪಾ ಅಂಕಗಳೂ ಇದೇ ಜಾತಿಯವು. ಒಬ್ಬನು 11 ಹೇಳಿಕೆಗಳಿಗೆ 2, ಉಳಿದ 6ಕ್ಕೆ 3 ಪಡೆದರೆ ಮೊತ್ತ 40. ಇನ್ನೊಬ್ಬನು 7ಕ್ಕೆ 4, 9ಕ್ಕೆ 1, ಒಂದಕ್ಕೆ 3 ಪಡೆದರೂ ಮೊತ್ತ 40. ಮೊದಲನೆಯವನದು ಎಲ್ಲೆಡೆ ಹರಡಿದ ಹಿಂಜರಿಕೆ. ಎರಡನೆಯವನದು ಕೆಲವೇ ಸಂಗತಿಗಳ ತೀವ್ರ ಭಯ. ಇಬ್ಬರಿಗೂ ಒಂದೇ ಸಲಹೆ ಸಾಕೇ?

ಮೂರನೆಯದು ಎಲ್ಲಕ್ಕಿಂತ ಗಂಭೀರ. ಬೆನ್ನುನೋವಿನಲ್ಲಿ ಚಲನೆಯ ಅಂಜಿಕೆ ಬಹುಪಾಲು ಅತಿಯಾದದ್ದು. ಹೃದಯದ ವಿಷಯದಲ್ಲಿ ಹಾಗಲ್ಲ. ಹೃದಯಸ್ನಾಯು ದಪ್ಪಗಾಗುವ ಕಾಯಿಲೆಯಲ್ಲೋ ಮಹಾಪಧಮನಿಯ ಕವಾಟ ತೀರ ಕಿರಿದಾದಾಗಲೋ ಬಿರುಸಾದ ಶ್ರಮ ಅಪಾಯ ತರಬಹುದು. ಅಂಥ ಹುಡುಗನ ಉತ್ತರದಲ್ಲಿರುವುದು ಭೀತಿಯಲ್ಲ, ವಿವೇಕ. ಮಾಪಕಕ್ಕೆ ಎರಡೂ ಒಂದೇ. ಇತ್ತ, ಜನ್ಮಜಾತ ಹೃದಯದೋಷವಿರುವ ಬಹುತೇಕ ಮಕ್ಕಳು ಚಟುವಟಿಕೆಯಿಂದ ಇರಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲೇ ಹೇಳಿದೆ. ಆದ್ದರಿಂದ ತಪ್ಪು ಎರಡು ಕಡೆಗೂ ಆಗಬಹುದು: ಕೂರಬೇಕಾದವನನ್ನು ಓಡಿಸುವುದು, ಓಡಬಹುದಾದವನನ್ನು ಕೂರಿಸುವುದು.

ಕನ್ನಡಕ್ಕೆ ತರುವಾಗ ಇನ್ನೂ ಒಂದು ಎಚ್ಚರಿಕೆ ಬೇಕು. ನಮ್ಮ ಮಕ್ಕಳು 'ಸುಸ್ತು' ಎಂದಾಗ ಅದು ದಣಿವೋ, ಏದುಸಿರೋ, ತಲೆಸುತ್ತೋ? ಕೇಳದೆ ತಿಳಿಯದು.

ಹಾಗಾದರೆ ಪ್ರಶ್ನಾವಳಿಯನ್ನು ಎಸೆಯಬೇಕೇ? ಬೇಡ. ಪ್ರಯೋಗಾಲಯದಲ್ಲಿ ಒಂದೇ ಉಪಕರಣವನ್ನು ನಂಬದೆ ಇನ್ನೊಂದರೊಡನೆ ತಾಳೆ ನೋಡುತ್ತೇವೆ. ಇಲ್ಲಿಯೂ ಟ್ರೆಡ್‌ಮಿಲ್ ಪರೀಕ್ಷೆ ಹುಡುಗನಿಗೆ ಎಷ್ಟು ಸಾಧ್ಯವೆಂದು ತಿಳಿಸುತ್ತದೆ. ಸೊಂಟಕ್ಕೆ ಕಟ್ಟಿದ ವೇಗೋತ್ಕರ್ಷಮಾಪಕ ಅವನು ದಿನವೂ ಎಷ್ಟು ಚಲಿಸುತ್ತಾನೆಂದು ದಾಖಲಿಸುತ್ತದೆ. ವೈದ್ಯರ ನಿರ್ಬಂಧವಿಲ್ಲದೆಯೂ ಇವೆರಡರ ನಡುವೆ ದೊಡ್ಡ ಅಂತರ ಕಂಡರೆ, ಆಗ ಅಂಜಿಕೆಯನ್ನು ಹುಡುಕಿ. ಅದನ್ನು ತಾಯಿತಂದೆಯರಲ್ಲೂ ಹುಡುಕಿ. ಮಗನ ಅಂಜಿಕೆಯ ಮೂಲ ಅಲ್ಲಿರಲೂಬಹುದು.

ಅಂಕ ಉತ್ತರವಲ್ಲ, ಮರದ ಕೆಳಗೆ ಕುಳಿತವನೊಡನೆ ಮಾತು ಆರಂಭಿಸಲು ಅದೊಂದು ನೆಪ.