ಕರಿಜೀರಿಗೆ ಅಂದರೆ ಯಾವುದು?

ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯಲ್ಲಿ ಕನ್ನಡದ ‘ಮನೆಮದ್ದು’ ಪುಸ್ತಕಗಳು ಸಿಗುತ್ತವೆ. ಹಳೇ ಹುಬ್ಬಳ್ಳಿಯ ಮಸೀದಿಗಳ ಮುಂದೆ ಜುಮಾ ನಮಾಜಿನ ಬಳಿಕ ಉರ್ದುವಿನ ‘ತಿಬ್ಬೆ ನಬವಿ’ ಕಿರುಹೊತ್ತಿಗೆಗಳು ಸಿಗುತ್ತವೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ ಇವನ್ನು ಅಕ್ಕಪಕ್ಕ ಇಟ್ಟು ಓದಿದಾಗ ಕಂಡದ್ದು ಇಷ್ಟು: ಲಿಪಿ ಬೇರೆ, ಬರವಣಿಗೆ ಒಂದೇ. ಒಂದು ಋಷಿಮುನಿಗಳ ಹೆಸರಿನಿಂದ ಶುರುವಾಗುತ್ತದೆ, ಇನ್ನೊಂದು ಹದೀಸಿನಿಂದ. ಆಮೇಲೆ ರೋಗದ ಹೆಸರು, ಗಿಡದ ಹೆಸರು, ಖಂಡಿತ ಗುಣವಾಗುತ್ತದೆ ಎಂಬ ಭರವಸೆ. ನಮ್ಮ ವಿಮರ್ಶಕರು ಈ ಪುಸ್ತಕಗಳನ್ನು ಮುಟ್ಟುವುದಿಲ್ಲ. ಆದರೆ ಜನ ನಂಬಿ ಅದರಂತೆ ನಡೆಯುವುದು ನಮ್ಮ ಕಥೆ, ಕವಿತೆಗಳನ್ನಲ್ಲ, ಇವನ್ನು.

ಮೊದಲ ತೊಡಕು ಹೆಸರಿನದು. ಉರ್ದುವಿನ ಕಲೋಂಜಿಯನ್ನು ಕನ್ನಡ ಪುಸ್ತಕಗಳು ಕರಿಜೀರಿಗೆ ಎನ್ನುತ್ತವೆ. ಬಿರಿಯಾನಿಗೆ ಹಾಕುವ ಶಾಹಿ ಜೀರಾವನ್ನೂ ಕೆಲವರು ಕಾಲಾ ಜೀರಾ ಎನ್ನುತ್ತಾರೆ. ಹಿಂದಿಯ ಕಾಲೀ ಜೀರಿ ಇನ್ನೊಂದೇ ಗಿಡದ ಬೀಜ, ಅದು ನಮ್ಮ ಕಾಡುಜೀರಿಗೆ. ಒಂದು ಹೆಸರಿನ ಸುತ್ತ ಮೂರು ಬೀಜಗಳು. ಬ್ರಾಹ್ಮಿಯ ಕಥೆಯೂ ಹೀಗೆಯೇ. ಒಂದೆಲಗವೂ ಬ್ರಾಹ್ಮಿ, ನೀರುಬ್ರಾಹ್ಮಿಯೂ ಬ್ರಾಹ್ಮಿ. ಚಿತ್ರವಿಲ್ಲದ, ಶಾಸ್ತ್ರೀಯ ಹೆಸರಿಲ್ಲದ ಪುಸ್ತಕ ಓದಿದವನು ಯಾವುದನ್ನು ಅರೆದು ಕುಡಿಯಬೇಕು?

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ಸಾಕ್ಷಿ. ಬ್ರಸೆಲ್ಸಿನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ‘ಫಾಂಗ್ ಜಿ’ ಎಂಬ ಚೀನೀ ಹೆಸರಿನ ಒಂದು ಬೇರಿನ ಬದಲಿಗೆ ಅದೇ ಹೆಸರಿನ ಇನ್ನೊಂದು ಬೇರು ಸೇರಿಕೊಂಡಿತು. ಅದು ಅರಿಸ್ಟೊಲೋಕಿಯಾ ಜಾತಿಯದು. 1993ರಲ್ಲಿ ವೈದ್ಯರು ಇದನ್ನು ಬಯಲಿಗೆಳೆದರು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾಗಿದ್ದವು. ಇದು ದೂರದ ಸುದ್ದಿಯಲ್ಲ. ನಮ್ಮ ಹಳ್ಳಿಗಳಲ್ಲಿ ಹಾವಿನ ಕಡಿತಕ್ಕೆ ಹೆಸರಾದ ಈಶ್ವರಿ ಬೇರು, ಯುನಾನಿಯ ಜರಾವಂದ್, ಎರಡೂ ಅದೇ ಅರಿಸ್ಟೊಲೋಕಿಯಾ ಕುಟುಂಬದವು. ಈಶ್ವರಿ ಬೇರನ್ನು ಹೊಗಳುವ ಪುಸ್ತಕಗಳಲ್ಲಿ ಮೂತ್ರಪಿಂಡದ ಮಾತು ನಮಗೆ ಕಾಣಲಿಲ್ಲ. ಹಾವು ಕಡಿದವನನ್ನು ಮೊದಲು ಆಸ್ಪತ್ರೆಗೆ ಒಯ್ಯಿರಿ ಎಂಬ ಮಾತೂ ಕಾಣಲಿಲ್ಲ.

ಎರಡನೆಯ ತೊಡಕು ನಮ್ಮವರಿಗೆ ಹೆಚ್ಚು ಹತ್ತಿರದ್ದು. ಕರಿಬೀಜದಲ್ಲಿ ಮರಣವೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಶಮನವಿದೆ ಎಂಬ ಅರ್ಥದ ಹದೀಸು ಕಲೋಂಜಿ ಎಣ್ಣೆಯ ಸೀಸೆಗಳ ಮೇಲೆ ಅಚ್ಚಾಗಿರುತ್ತದೆ. ಸಕ್ಕರೆ ಕಾಯಿಲೆಯವನು ಇದನ್ನು ಓದಿ ಮಾತ್ರೆ ಬಿಟ್ಟರೆ ಹೊಣೆ ಯಾರದು? ಹತ್ತನೇ ಶತಮಾನದ ಹದೀಸ್ ವಿದ್ವಾಂಸ ಅಲ್ ಖತ್ತಾಬಿ, ಇಲ್ಲಿ ಮಾತು ಸಾಮಾನ್ಯವಾಗಿದ್ದರೂ ಉದ್ದೇಶ ಕೆಲವು ಬಗೆಯ ರೋಗಗಳಿಗೆ ಸೀಮಿತ ಎಂದು ವಿವರಿಸಿದ್ದರು. ಇಬ್ನ್ ಖಲ್ದೂನ್ 1377ರ ‘ಮುಖದ್ದಿಮಾ’ದಲ್ಲಿ ಇನ್ನೂ ಮುಂದೆ ಹೋಗಿ, ಪ್ರವಾದಿಯವರು(ಸ) ಬಂದದ್ದು ಧರ್ಮ ಕಲಿಸಲು, ಆ ವೈದ್ಯ ಅರಬರ ರೂಢಿಯದು, ದಿವ್ಯವಾಣಿಯದಲ್ಲ ಎಂದರು. ಸಅದ್ ಬಿನ್ ಅಬೀ ವಕ್ಕಾಸ್‌ರು ಕಾಯಿಲೆ ಬಿದ್ದಾಗ ಪ್ರವಾದಿಯವರೇ(ಸ) ಅವರನ್ನು ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿಗೆ ಹೋಗಲು ಹೇಳಿದ್ದು ಅಬೂದಾವೂದ್ ಸಂಗ್ರಹದಲ್ಲಿದೆ. ಕಿರುಹೊತ್ತಿಗೆಗಳಿಗೆ ಈ ಪುಟಗಳು ಬೇಡ. ಸಕ್ಕರೆ ಕಾಯಿಲೆ ಸೇರಿದಂತೆ 54 ರೋಗಗಳಿಗೆ ಮದ್ದಿದೆ ಎಂದು ಜಾಹೀರಾತು ಕೊಡುವುದನ್ನು ತಡೆಯಲು 1954ರಿಂದ ಕಾನೂನಿದೆ. ಹದೀಸಿನ ಮರೆಯಲ್ಲಿ ಅದೂ ಮರೆತುಹೋಗುತ್ತದೆ.

ಇಷ್ಟಕ್ಕೆ ಮೂಲಿಕೆಗಳೇ ಸುಳ್ಳು ಎನ್ನುವವರ ಜೊತೆಗೂ ನಾವಿಲ್ಲ. ಇಬ್ನ್ ಸೀನಾ ‘ಅಲ್ ಖಾನೂನ್’ನ ಎರಡನೇ ಭಾಗದಲ್ಲಿ ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಬರೆದ. ಫಲ ಮತ್ತೆ ಮತ್ತೆ ಕಾಣಬೇಕು. ಪರೀಕ್ಷೆ ಮನುಷ್ಯನ ಮೇಲೆ ನಡೆಯಬೇಕು, ಸಿಂಹದ ಮೇಲೋ ಕುದುರೆಯ ಮೇಲೋ ಕಂಡ ಫಲ ಮನುಷ್ಯನಿಗೆ ಸಾಕ್ಷಿಯಾಗದು ಎಂದ. ಹಕೀಮರ ಅಸ್ರೋಲ್, ಅಂದರೆ ಸರ್ಪಗಂಧಿ ಬೇರನ್ನು, ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಹೀಗೇ ಪರೀಕ್ಷೆಗೆ ಒಡ್ಡಿದರು. 1931ರಲ್ಲಿ ಸಿಕ್ಕ ಸಾರಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದ ದೋಷಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಪರಂಪರೆಯ ಮೇಲಿನ ಗೌರವ ಅಂದರೆ ಇದು.

ಉತ್ತರ ಕರ್ನಾಟಕದಲ್ಲಿ ಅತ್ತಾರ ಎಂಬ ಅಡ್ಡಹೆಸರಿನ ಮನೆತನಗಳು ಬಹಳ. ಅತ್ತಾರ್ ಅಂದರೆ ಸುಗಂಧ ಮಾರುವವನು, ಮದ್ದಿನ ಸಾಮಾನು ಮಾರುವವನೂ ಹೌದು. ಕಸುಬು ಬಲ್ಲ ಅತ್ತಾರ ಬೇರನ್ನು ಮುರಿದು ಮೂಸಿ ನೋಡುತ್ತಾನೆ. ಗಿರಾಕಿಯನ್ನು ‘ಯಾರಿಗ್ರೀ? ಎಷ್ಟು ವಯಸ್ಸು? ಬಸಿರಿ ಅದಾರೇನು?’ ಎಂದು ಕೇಳುತ್ತಾನೆ. ಪುಸ್ತಕ ಏನನ್ನೂ ಕೇಳುವುದಿಲ್ಲ. ಜ್ಞಾನ ಇದ್ದದ್ದು ಆ ಪ್ರಶ್ನೆಗಳಲ್ಲಿ. ಅವನ್ನು ಕೈಬಿಟ್ಟು ಗಿಡದ ಹೆಸರನ್ನಷ್ಟೇ ಅಚ್ಚು ಹಾಕಿದ್ದು ಈ ಪ್ರಕಾಶಕರ ಸಾಧನೆ.

ಕನ್ನಡ, ಉರ್ದು ಎರಡನ್ನೂ ಬಲ್ಲ ನಮ್ಮ ಯುವಕರು ಒಂದು ಕೆಲಸ ಮಾಡಬಹುದು. ಉಳಿದಿರುವ ಅತ್ತಾರರ ಬಳಿ ಕುಳಿತು ಪ್ರತಿ ಬೇರು, ಬೀಜದ ಎಲ್ಲ ಹೆಸರುಗಳನ್ನೂ, ಶಾಸ್ತ್ರೀಯ ಹೆಸರು ಮತ್ತು ಚಿತ್ರದೊಂದಿಗೆ ಬರೆದಿಡಬೇಕು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನೂ ಬರೆಯಬೇಕು. ಹೇಳಿಕೊಟ್ಟವರ ಹೆಸರು ಮೊದಲ ಪುಟದಲ್ಲಿರಬೇಕು. ಅಂಥ ಪುಸ್ತಕ ಬರುವವರೆಗೆ, ಮಸೀದಿಯ ಮುಂದೆ ಕೊಂಡ ಹೊತ್ತಿಗೆಯನ್ನು ನಂಬಿ ಯಾರೂ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.