ಚಿತ್ರಶೋಧವೂ ಇತಿಹಾಸದ ಪ್ರಮಾಣವೂ: ಮಾಗಳದ ದೇವಾಲಯವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಹೆಸರು ತಿಳಿಯದ ವಸ್ತುವನ್ನು ಗ್ರಂಥಗಳಲ್ಲಿ ಹುಡುಕುವುದು ಕಷ್ಟ. ದೇವಾಲಯದ ಬಾಗಿಲಿನ ಪಕ್ಕದಲ್ಲಿರುವ, ರಂಧ್ರಗಳುಳ್ಳ ಕಲ್ಲಿನ ಫಲಕಕ್ಕೆ ಜಾಲಂಧ್ರವೆಂಬ ಹೆಸರುಂಟೆಂದು ಅರಿಯದ ವಿದ್ಯಾರ್ಥಿಯು ಯಾವ ಪದಸೂಚಿಯನ್ನು ತೆರೆದು ನೋಡಬೇಕು? ಚಿತ್ರವನ್ನೇ ಪ್ರಶ್ನೆಯಾಗಿ ಸ್ವೀಕರಿಸುವ ಮೊಬೈಲ್ ಆ್ಯಪ್‌ಗಳು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿವೆಯೆಂಬುದನ್ನು ಒಪ್ಪತಕ್ಕದ್ದೇ. 2009ರ ಡಿಸೆಂಬರಿನಲ್ಲಿ ಹೊರಬಂದ ಗೂಗಲ್ ಗಾಗಲ್ಸ್ 2018ರಲ್ಲಿ ನಿಂತುಹೋಯಿತು. 2017ರಲ್ಲಿ ಪ್ರಕಟವಾದ ಗೂಗಲ್ ಲೆನ್ಸ್ ಅದರ ಸ್ಥಾನಕ್ಕೆ ಬಂದಿತು. ಕ್ಷೇತ್ರಾಧ್ಯಯನಕ್ಕೆ ಹೊರಟ ವಿದ್ಯಾರ್ಥಿಗಳು ಟಿಪ್ಪಣಿಯ ಪುಸ್ತಕಕ್ಕಿಂತ ಮೊದಲು ಇಂಥ ಸಾಧನವನ್ನು ತೆರೆಯುವ ಈ ದಿನಗಳಲ್ಲಿ, ಅದು ಕೊಡುವ ಉತ್ತರಕ್ಕೆ ಇತಿಹಾಸಶಾಸ್ತ್ರದಲ್ಲಿ ಎಷ್ಟು ಬೆಲೆಯೆಂಬುದನ್ನು ಪರೀಕ್ಷಿಸುವುದು ಅಧ್ಯಾಪಕರ ಹೊಣೆಯಾಗಿದೆ.

ಈ ಸಾಧನದ ಕಾರ್ಯವಿಧಾನವನ್ನು ಮೊದಲು ತಿಳಿಯಬೇಕು. ತೆಗೆದ ಚಿತ್ರವನ್ನು ಅದು ಸಂಖ್ಯೆಗಳ ಒಂದು ಶ್ರೇಣಿಯಾಗಿ ಮಾರ್ಪಡಿಸಿ, ತನ್ನ ಭಂಡಾರದಲ್ಲಿರುವ ಅಸಂಖ್ಯಾತ ಚಿತ್ರಗಳ ಶ್ರೇಣಿಗಳೊಡನೆ ಹೋಲಿಸಿ, ಅತಿ ಸಮೀಪವಾದವನ್ನು ಆರಿಸಿ ಮುಂದಿಡುತ್ತದೆ. ಆ ಚಿತ್ರಗಳ ಕೆಳಗೆ ಯಾರೋ ಬರೆದಿದ್ದ ಹೆಸರುಗಳೇ ಉತ್ತರದ ಹೆಸರಿಗೂ ಆಧಾರ. ಎಂದರೆ, ‘ಇದು ಯಾವುದರಂತಿದೆ?’ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ ಹೇಳಬಲ್ಲುದು. ನಾವಾದರೋ ‘ಇದು ಯಾವುದು? ಯಾರು, ಎಂದು ಕಟ್ಟಿಸಿದರು?’ ಎಂದು ಕೇಳಿ, ಮೊದಲನೆಯದರ ಉತ್ತರವನ್ನೇ ಎರಡನೆಯದರ ಉತ್ತರವೆಂದು ಬಗೆದು ಮನೆಗೆ ಬರುತ್ತೇವೆ.

ಹೂವಿನಹಡಗಲಿ ತಾಲ್ಲೂಕಿನ ಮಾಗಳ ಗ್ರಾಮವು ತುಂಗಭದ್ರೆಯ ದಡದಲ್ಲಿದೆ. ಅಲ್ಲಿಯ ಸೂರ್ಯನಾರಾಯಣ ದೇವಾಲಯವು ಕಲ್ಯಾಣದ ಚಾಲುಕ್ಯರ ಶಿಲ್ಪಸಂಪ್ರದಾಯಕ್ಕೆ ಸೇರಿದುದು. ಕಳೆದ ವರ್ಷ ನನ್ನ ಕೈಸೇರಿದ ವಿದ್ಯಾರ್ಥಿ ಪ್ರಬಂಧವೊಂದರಲ್ಲಿ ಇದೇ ದೇವಾಲಯದ ಕಂಬದ ಚಿತ್ರದ ಕೆಳಗೆ ‘ಹೊಯ್ಸಳ ಶೈಲಿ’ ಎಂದು ಬರೆದಿತ್ತು. ಆಧಾರವೇನೆಂದು ಕೇಳಲು, ಒಂದು ಆ್ಯಪ್ ಹಾಗೆಂದು ತಿಳಿಸಿತೆಂಬ ಉತ್ತರ ಬಂದಿತು. ಆ ತಪ್ಪು ಅಕಾರಣವಾದುದಲ್ಲ. ಬಳಪದ ಕಲ್ಲು, ತಿರುಗಣೆಯಲ್ಲಿ ಕಡೆದ ನುಣುಪಾದ ಕಂಬ, ಸೂಕ್ಷ್ಮವಾದ ಕುಸುರಿ, ಇವು ಎರಡು ಸಂಪ್ರದಾಯಗಳಿಗೂ ಸಮಾನ. ಚಾಲುಕ್ಯ ಶಿಲ್ಪಿಗಳು ರೂಢಿಗೆ ತಂದುದನ್ನೇ ಹೊಯ್ಸಳರ ಕಾಲದವರು ಮುಂದುವರಿಸಿದರು. ಆದರೆ ಬೇಲೂರು ಹಳೆಯಬೀಡುಗಳಿಗೆ ಹೋಗಿ ಚಿತ್ರ ತೆಗೆದವರು ಲಕ್ಷೋಪಲಕ್ಷ. ಮಾಗಳಕ್ಕೆ ಬಂದವರು ಎಷ್ಟು ಮಂದಿ? ಚಿತ್ರಗಳ ರಾಶಿ ಎತ್ತ ವಾಲಿದೆಯೋ ಉತ್ತರವೂ ಅತ್ತಲೇ ವಾಲುತ್ತದೆ.

ಕುರುವತ್ತಿಯ ಉದಾಹರಣೆಯಲ್ಲಿ ಈ ಅಪಾಯವು ಇನ್ನೂ ಸ್ಪಷ್ಟವಾಗಿದೆ. ಹರಪನಹಳ್ಳಿ ತಾಲ್ಲೂಕಿನ ಈ ಊರಿನ ಮಲ್ಲಿಕಾರ್ಜುನ ದೇವಾಲಯವು 11ನೆಯ ಶತಮಾನದ್ದು. ಅಲ್ಲಿಯ ಕಂಬಗಳ ಮೇಲಿನ ಸ್ತ್ರೀವಿಗ್ರಹಗಳು, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದ ಮದನಿಕೆಯರಿಗೆ ಪೂರ್ವರೂಪವೆಂದು ವಿದ್ವಾಂಸರು ಗಣಿಸುತ್ತಾರೆ. ಕೇವಲ ಹೋಲಿಕೆಯಿಂದ ನಡೆಯುವ ಶೋಧವು ಕುರುವತ್ತಿಯ ವಿಗ್ರಹವನ್ನು ಬೇಲೂರಿನ ಮದನಿಕೆಯೆಂದೋ ಅದರ ಅನುಕರಣವೆಂದೋ ತೋರಿಸುವುದು ಸಂಭವನೀಯ. ಮೊಮ್ಮಗಳ ಮುಖದಿಂದ ಅಜ್ಜಿಯನ್ನು ಗುರುತಿಸಬಹುದು, ನಿಜ. ಆದರೆ ಅಜ್ಜಿಯನ್ನೇ ಮೊಮ್ಮಗಳ ಮಗಳೆಂದರೆ ವಂಶಾವಳಿಯ ಗತಿಯೇನು?

ಕಾಲನಿರ್ಣಯದಲ್ಲಂತೂ ಚಿತ್ರವು ಬಹಳ ದೂರ ಕೊಂಡೊಯ್ಯಲಾರದು. ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ 987ರ ಶಾಸನವೇ ಮುಖ್ಯ ಆಧಾರ. ಅದೇ ಕಟ್ಟಡದಲ್ಲಿ ಗರ್ಭಗೃಹವು ಒಂದು ಕಾಲದ್ದು, ವಿಶಾಲವಾದ ಸಭಾಮಂಟಪವು ಆನಂತರದ್ದು. ಒಂದೇ ಚಿತ್ರದಲ್ಲಿ ಎರಡು ಕಾಲಗಳು ಸೇರಿರುವಲ್ಲಿ, ಒಂದೇ ಹೆಸರು ಕೊಡುವ ಸಾಧನವು ಇತಿಹಾಸದ ಒಂದು ಪದರವನ್ನು ಮುಚ್ಚಿದಂತೆಯೇ ಸರಿ. ಶಾಸನವನ್ನೇ ಓದಿಸಿದರಾಯಿತೆನ್ನುವವರುಂಟು. ಇಂದಿನ ಮುದ್ರಿತ ಅಕ್ಷರಗಳನ್ನು ಕಂಡು ಕಲಿತ ಯಂತ್ರಕ್ಕೆ ಸವೆದ ಕಲ್ಲಿನ ಮೇಲಿನ 11ನೆಯ ಶತಮಾನದ ಲಿಪಿ ಸುಲಭವಾದುದಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುತ್ತಿರುವ ಕಾರ್ಯವೇ ಈ ದಿಕ್ಕಿನಲ್ಲಿ ಹೆಚ್ಚು ಆಶಾದಾಯಕವೆಂದು ನನ್ನ ಮತ.

ಇಲ್ಲಿ ಅಲೆಕ್ಸಾಂಡರ್ ರೀ ಅವರ ನೆನಪು ಬರುತ್ತದೆ. ಈ ಪ್ರದೇಶವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1896ರಲ್ಲಿ, ಅವರು ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮಾಗಳ, ಕುರುವತ್ತಿ, ಬಾಗಳಿಗಳ ತಲವಿನ್ಯಾಸಗಳೂ ರೇಖಾಚಿತ್ರಗಳೂ ಅದರಲ್ಲಿವೆ. ಅವರ ಅಭಿಪ್ರಾಯಗಳೆಲ್ಲವೂ ಇಂದು ನಿಲ್ಲಬೇಕಾಗಿಲ್ಲ. ಆದರೆ ಅಳತೆ ಎದುರಿಗಿರುವುದರಿಂದ ನಾವು ಅವರೊಡನೆ ವಾದಿಸಬಹುದು. ಆ್ಯಪ್‌ನ ಉತ್ತರದೊಡನೆ ವಾದವೇ ಸಾಧ್ಯವಿಲ್ಲ. ಏಕೆಂದರೆ ತಾನು ಕಂಬದ ಯಾವ ಲಕ್ಷಣವನ್ನು ನೋಡಿ ಹಾಗೆಂದಿತೆಂಬುದನ್ನು ಅದು ಹೇಳುವುದಿಲ್ಲ.

ಹೀಗಿದ್ದರೂ ವಿದ್ಯಾರ್ಥಿಯು ಮೊಬೈಲನ್ನು ಮನೆಯಲ್ಲಿಟ್ಟು ಬರಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಪತ್ರಿಕೆಯೊಂದರಲ್ಲಿ ಅಚ್ಚಾದ ಚಿತ್ರವು ಮೊದಲು ಎಲ್ಲಿ ಪ್ರಕಟವಾಗಿತ್ತೆಂದು ಪತ್ತೆಹಚ್ಚಲು, ಹೋಲಿಕೆಗಾಗಿ ಬೇರೆ ದೇವಾಲಯಗಳನ್ನು ಆರಿಸಿಕೊಳ್ಳಲು ಇದಕ್ಕಿಂತ ತ್ವರಿತವಾದ ಉಪಾಯ ಇನ್ನೊಂದಿಲ್ಲ. ಹೋಲಿಕೆ ಸಿಕ್ಕ ಮೇಲೆ ದಕ್ಷಿಣ ಭಾರತದ ಶಾಸನಗಳ 9ನೆಯ ಸಂಪುಟವನ್ನು ತೆರೆಯಬೇಕು. ಮದರಾಸು ಆಧಿಪತ್ಯದ ಕನ್ನಡ ಶಾಸನಗಳಿರುವ ಅದರ ಮೊದಲ ಭಾಗವು 1939ರಲ್ಲಿ ಹೊರಬಂದಿತು. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೂಲ ಸಂಪುಟಗಳಲ್ಲಿ ಈ ತಾಲ್ಲೂಕುಗಳನ್ನು ಹುಡುಕಿ ಬರಿಗೈಯಲ್ಲಿ ಮರಳುವವರು ಇಂದಿಗೂ ಇದ್ದಾರೆ. ಈ ವರ್ಷದ ಪ್ರಬಂಧಗಳಲ್ಲಿ ಪ್ರತಿಯೊಂದು ಚಿತ್ರದ ಕೆಳಗೂ ಊರು, ತೆಗೆದ ದಿನ, ಕಟ್ಟಡದ ಭಾಗ, ಕಾಲನಿರ್ಣಯಕ್ಕೆ ಆಧಾರವಾದ ಶಾಸನದ ಸಂಖ್ಯೆ, ಇಷ್ಟನ್ನು ಬರೆಯಬೇಕೆಂದು ನಮ್ಮ ವಿದ್ಯಾರ್ಥಿಗಳಿಗೆ ಸೂಚಿಸಿದ್ದೇನೆ. ಶಾಸನವಿಲ್ಲದ ಕಡೆ ಆ ಜಾಗವನ್ನು ಖಾಲಿಯಾಗಿಯೇ ಬಿಡತಕ್ಕದ್ದು.