‘ಟೈಫೂನ್’: ಹಡಗಿನ ತಳದಲ್ಲಿದ್ದವರು

ಜೋಸೆಫ್ ಕಾನ್ರಾಡನ ‘ಟೈಫೂನ್’ 1902ರಲ್ಲಿ ಪ್ರಕಟವಾದ ನೀಳ್ಗತೆ. ಬಿರುಗಾಳಿಯ ವರ್ಣನೆಗಾಗಿ ಅದನ್ನು ಹೊಗಳುವುದು ವಾಡಿಕೆ. ವರ್ಣನೆ ಅದ್ಭುತವೇ ಸರಿ. ಆದರೆ ಕತೆಯ ಜೀವವಿರುವುದು ಅಲೆಗಳಲ್ಲಲ್ಲ, ಹಡಗಿನ ಹೊಟ್ಟೆಯೊಳಗೆ ಎಂಬುದು ನನ್ನ ಅಭಿಪ್ರಾಯ.

‘ನಾನ್-ಶಾನ್’ ಎಂಬ ಉಗಿಹಡಗು 200 ಮಂದಿ ಚೀನೀ ಕೂಲಿಗಳನ್ನು ಹೊತ್ತು ಫೂ-ಚೌ ಬಂದರಿಗೆ ಹೊರಟಿದೆ. ಹಲವು ವರ್ಷ ಹೊರನಾಡಿನಲ್ಲಿ ದುಡಿದು ಊರಿಗೆ ಮರಳುತ್ತಿರುವವರು ಇವರು. ಒಬ್ಬೊಬ್ಬನಿಗೂ ಒಂದು ಮರದ ಪೆಟ್ಟಿಗೆ, ಅದರಲ್ಲಿ ಉಳಿತಾಯದ ಬೆಳ್ಳಿ ಡಾಲರು.

ವಾಯುಭಾರಮಾಪಕ ಇಳಿಯುತ್ತಿದೆ. ಬಿರುಗಾಳಿಯನ್ನು ಬಳಸಿಕೊಂಡು ಹೋಗಬೇಕೆಂದು ಪುಸ್ತಕ ಹೇಳುತ್ತದೆ. ಕಪ್ತಾನ ಮ್ಯಾಕ್‌ವರ್ ಒಪ್ಪುವುದಿಲ್ಲ. 300 ಮೈಲಿ ಹೆಚ್ಚು ದಾರಿ, ಅಷ್ಟು ಕಲ್ಲಿದ್ದಲು! ಕಾಣದ ಗಾಳಿಯನ್ನು ತಪ್ಪಿಸಿಕೊಂಡೆನೆಂದು ಯಾರಿಗೆ ರುಜುವಾತು ಕೊಡುವುದು? ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆದು ಸವೆದ ನಮ್ಮಂಥ ಗುಮಾಸ್ತರಿಗೆ ಈ ತರ್ಕ ಬಲು ಪರಿಚಿತ. ವಿಜ್ಞಾನ ಓದಿದವನಾಗಿ ಮಾತ್ರ ನಾನು ಅವನಿಗೆ ಸೊನ್ನೆಯನ್ನೇ ಕೊಡುತ್ತೇನೆ. ವಾಯುಭಾರ ಅಭಿಪ್ರಾಯವಲ್ಲ, ಅಳತೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ತಿರುವನಂತಪುರದ ಪೂಂತುರ, ವಿಳಿಞಂ ಕಡೆಯ ಎಷ್ಟೋ ಮೀನುಗಾರರು ಆಗಲೇ ಕಡಲಲ್ಲಿದ್ದರು, ಹಲವರು ಮರಳಲಿಲ್ಲ. ಅದನ್ನು ಕಂಡ ನಾಡಿನಲ್ಲಿ ಕುಳಿತು ಈ ಹಟವನ್ನು ಧೈರ್ಯವೆಂದು ಓದುವುದು ಕಷ್ಟ.

ಗಾಳಿಯ ಹೊಡೆತಕ್ಕೆ ಪೆಟ್ಟಿಗೆಗಳು ಒಡೆಯುತ್ತವೆ. ಡಾಲರುಗಳು ಉರುಳಾಡುತ್ತವೆ, ಕತ್ತಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡುತ್ತಾರೆ. ಹಡಗೇ ಮುಳುಗುವಂತಿರುವಾಗ ಆ ಗಲಭೆ ನಿಲ್ಲಿಸಿ ಹಣ ಒಟ್ಟುಮಾಡಲು ಕಪ್ತಾನ ತನ್ನ ಸಹಾಯಕ ಜ್ಯೂಕ್ಸನನ್ನು ಕೆಳಗಟ್ಟುತ್ತಾನೆ. ಇಲ್ಲಿ ಮನುಷ್ಯ ದೊಡ್ಡವನಾಗುತ್ತಾನೆ. ಗಾಳಿ ನಿಂತ ಮೇಲೆ ಜ್ಯೂಕ್ಸ್ ದಂಗೆಯ ಭಯದಿಂದ ನಾವಿಕರ ಕೈಗೆ ಬಂದೂಕು ಕೊಡಿಸಿದರೆ, ಈತ ಅವನ್ನು ಹಿಂದಕ್ಕೆ ಪಡೆದು ಹಣ ಹಂಚಲು ನಿಲ್ಲುತ್ತಾನೆ. ಯಾರ ಡಾಲರು ಯಾವುದೆಂದು ಗೊತ್ತಿಲ್ಲ, ಎಲ್ಲರೂ ಒಂದೇ ಕಡೆ, ಒಂದೇ ಅವಧಿ ದುಡಿದವರು, ಆದ್ದರಿಂದ ಸಮಪಾಲು. ಉಳಿದ 3 ಡಾಲರು ಹೆಚ್ಚು ಗಾಯಗೊಂಡ ಮೂವರಿಗೆ! ಇಷ್ಟು ಚೊಕ್ಕ ಲೆಕ್ಕ ಸಾಹಿತ್ಯದಲ್ಲಿ ಅಪರೂಪ.

ಆದರೂ ಒಂದು ತಕರಾರಿದೆ. ಇನ್ನೂರರಲ್ಲಿ ಒಬ್ಬ ಕೂಲಿಗೂ ಕಾನ್ರಾಡ್ ಹೆಸರು ಕೊಟ್ಟಿಲ್ಲ. ಅವರನ್ನು ಕೀಳಾಗಿ ಕಾಣುವ ಜ್ಯೂಕ್ಸನನ್ನು ಲೇವಡಿ ಮಾಡುವ ಲೇಖಕ, ತಾನೂ ಅವರನ್ನು ಒಂದು ರಾಶಿಯಾಗಿಯೇ ನೋಡುತ್ತಾನೆ. ಹೊಟ್ಟೆ ಕಟ್ಟಿ ಎರಡರಷ್ಟು ಉಳಿಸಿದವನಿಗೆ ಸಮಪಾಲು ನ್ಯಾಯವೇ? ಮಗಳ ಮದುವೆಗೆಂದು ಕೂಡಿಟ್ಟವನು ಏನೆಂದುಕೊಂಡ? ಹೆಸರಿಲ್ಲದವನನ್ನು ಹೀಗೆ ಕೇಳಲಾಗದು.

2020ರ ಮೇ 1ರಂದು ಲಾಕ್‌ಡೌನಿನ ನಡುವೆ, ಕೇರಳದಿಂದ ವಲಸೆ ಕಾರ್ಮಿಕರನ್ನು ಹೊತ್ತ ಮೊದಲ ವಿಶೇಷ ರೈಲು ಭುವನೇಶ್ವರಕ್ಕೆ ಹೊರಟದ್ದು ನಮ್ಮ ಆಲುವ ನಿಲ್ದಾಣದಿಂದಲೇ. ಸುದ್ದಿಯಲ್ಲಿ ಅವರೂ ಒಂದು ಸಂಖ್ಯೆಯಾಗಿಯೇ ಬಂದರು. ಟ್ರಂಕು ಹೊತ್ತು ಊರು ಬಿಟ್ಟ ತಂದೆ-ತಾತಂದಿರ ಮಕ್ಕಳಾದ ನಾವು ಈ ಕತೆಯನ್ನು ಕಪ್ತಾನನ ಪಕ್ಕ ನಿಂತಲ್ಲ, ಆ ಪೆಟ್ಟಿಗೆಗಳ ಪಕ್ಕ ಕುಳಿತು ಓದಬೇಕು. ಹಂಚಿಕೆಯ ವಿವರವೆಲ್ಲ ನಮಗೆ ಸಿಗುವುದು ಜ್ಯೂಕ್ಸ್ ಗೆಳೆಯನಿಗೆ ಬರೆದ ಕಾಗದದಲ್ಲಿ. ಕಪ್ತಾನ ದಡ್ಡನಾದರೂ ಚೆನ್ನಾಗಿ ಪಾರಾದ ಎಂದು ಅವನ ತೀರ್ಪು. ಪಾಲು ಪಡೆದವರ ಮಾತು ಆ ಕಾಗದದಲ್ಲಿ ಒಂದೂ ಇಲ್ಲ.